ಶಾಲೆಯ ಫೋನನ್ನು ಅವ್ವ ಯಾಕೆ ಎತ್ತುವುದಿಲ್ಲ

ಯಾದಗಿರಿ, ರಾಯಚೂರು ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಿಂದ ಒಂದು ಮನೆಗೆ ವರ್ಷದಲ್ಲಿ ಯಾವ್ಯಾವ ಕಾರಣಕ್ಕೆ ಫೋನ್ ಹೋಗುತ್ತದೆ ನೋಡಿ. ಜೂನ್ ತಿಂಗಳಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕು. ಜುಲೈಯಲ್ಲಿ ಆಧಾರ್‌ನಲ್ಲಿರುವ ಹೆಸರಿಗೂ ದಾಖಲಾತಿ ಪುಸ್ತಕದ ಹೆಸರಿಗೂ ತಾಳೆಯಾಗುತ್ತಿಲ್ಲ, ತಿದ್ದಿಸಿಕೊಂಡು ಬನ್ನಿ. ಆಮೇಲೆ ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪ್ರಮಾಣಪತ್ರ. ಅದು ಮುಗಿಯುವಷ್ಟರಲ್ಲಿ ಬ್ಯಾಂಕ್ ಖಾತೆ ಬಂದ್ ಆಗಿದೆ, ಕೆವೈಸಿ ಮಾಡಿಸಿ. ನಡುವೆ ಒಂದೆರಡು ಸಲ, ನಿಮ್ಮ ಹುಡುಗ ಇನ್ನೊಬ್ಬನ ಜೊತೆ ಹೊಡೆದಾಡಿದ್ದಾನೆ, ಬಂದು ನೋಡಿ. ಇಷ್ಟೆಲ್ಲ ಆದ ಮೇಲೆ, ಮಗು ವಾರಗಟ್ಟಲೆ ಬರದೇ ಹೋದಾಗ ಮತ್ತೊಂದು ಫೋನ್: ಯಾಕೆ ಕಳಿಸಿಲ್ಲ?

ಇದರಲ್ಲಿ ಬಹುಪಾಲು ಫೋನಿಗೆ ಓಗೊಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ತಿದ್ದುಪಡಿಗೆಂದು ನಾಡಕಚೇರಿಗೋ ತಾಲ್ಲೂಕು ಕೇಂದ್ರಕ್ಕೋ ಹೋಗಬೇಕು, ಸರ್ವರ್ ಇಲ್ಲ ಅಂದರೆ ಮರುದಿನ ಮತ್ತೆ ಹೋಗಬೇಕು. ಹೀಗಾಗಿ ಶಾಲೆಯ ನಂಬರ್ ಕಂಡರೆ ಏನೋ ಒಂದು ಕೆಲಸ ಬಂತು ಅಥವಾ ಏನೋ ಒಂದು ದೂರು ಬಂತು ಎಂದು ತಾಯಿಗೆ ಗೊತ್ತಾಗಿಬಿಟ್ಟಿರುತ್ತದೆ. ಫೋನ್ ರಿಂಗಾಗಿ ನಿಲ್ಲುತ್ತದೆ. ಇತ್ತ ಸ್ಟಾಫ್ ರೂಮಿನಲ್ಲಿ ‘ಈ ಪಾಲಕರಿಗೆ ಕಾಳಜೀನೇ ಇಲ್ಲ’ ಎಂಬ ಮಾತು ಬರುತ್ತದೆ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಹಾಜರಿ ಸುಧಾರಿಸಲು ಪಾಲಕರ ಜೊತೆ ಮಾತಾಡಬೇಕು ಎಂದು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಯಾವಾಗ, ಯಾರಿಗೆ, ಎಷ್ಟು ಹೊತ್ತು, ಯಾವ ಮಾತಿನಿಂದ ಶುರು ಮಾಡಿ ಎಂಬುದನ್ನು ಹೇಳುವವರು ಕಡಿಮೆ. ಕೆಲಸ ಇರುವುದೆಲ್ಲ ಅಲ್ಲೇ. ಏನೂ ತೊಂದರೆ ಇಲ್ಲದ ದಿನ ಮಾಡಿದ ಫೋನು ತೊಂದರೆ ಇರುವ ದಿನದ ಫೋನನ್ನು ಎತ್ತಿಸುತ್ತದೆ. ಈ ಬರಹದ ಉಳಿದದ್ದೆಲ್ಲ ಇದರ ವಿವರ.

ಸರಾಸರಿ ಮುಚ್ಚಿಡುವ ಮಕ್ಕಳು

ಮೊದಲು ಹಾಜರಿ ಪುಸ್ತಕ. ತಿಂಗಳ ಕೊನೆಗೆ ತೆಗೆಯುವ ಸರಾಸರಿಯಿಂದ ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ. 30 ಮಕ್ಕಳ ತರಗತಿ, 24 ದಿನ ಶಾಲೆ ನಡೆದಿದೆ ಎಂದಿಟ್ಟುಕೊಳ್ಳಿ. ಒಟ್ಟು 720 ಹಾಜರಿ ಆಗಬೇಕು, ಶೇಕಡ 90ರಷ್ಟು ಹಾಜರಿ ಎಂದರೆ 72 ಗೈರು. ಕೇಳಲು ಚೆನ್ನಾಗಿದೆ, ಮೇಲಿನವರೂ ಏನೂ ಅನ್ನುವುದಿಲ್ಲ. ಆದರೆ ಆ 72ರಲ್ಲಿ 48 ಗೈರು ನಾಲ್ಕೇ ಮಕ್ಕಳದ್ದಾಗಿರಬಹುದು, ತಲಾ 12 ದಿನ. ಅಂದರೆ ಆ ನಾಲ್ವರು ಅರ್ಧ ತಿಂಗಳು ಶಾಲೆಯಲ್ಲೇ ಇಲ್ಲ. ಉಳಿದ 26 ಮಕ್ಕಳಲ್ಲಿ 24 ಮಂದಿ ಒಂದೊಂದು ದಿನ ತಪ್ಪಿಸಿರಬಹುದು ಅಷ್ಟೆ. ಹಾಗಾಗಿ ಕೆಳಗಿನ ಮೊತ್ತವನ್ನು ಬಿಟ್ಟು ಪ್ರತಿ ಮಗುವಿನ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು.

ಹಾಗೆ ಓದಿದಾಗ ಗೈರುಹಾಜರಿ ಎರಡು ಬಗೆಯದು ಅನ್ನುವುದು ಕಾಣುತ್ತದೆ. ಒಂದು, ಸತತವಾಗಿ ಬಾರದಿರುವುದು. ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. 2013ರಲ್ಲಿ ರಾಜ್ಯ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆ ಮೇಲೆ, ಮಗು ಶಾಲೆಯಿಂದ ಹೊರಗುಳಿದಿದೆ ಎಂದು ಎಣಿಸಲು 60 ದಿನ ಎಂದಿದ್ದ ಗಡುವು ಏಳು ದಿನಕ್ಕೆ ಇಳಿಯಿತು. ಸತತ ಏಳು ದಿನ ಅನುಮತಿ ಇಲ್ಲದೆ ಬಾರದ ಮಗುವಿನ ಬಗ್ಗೆ ಶಾಲೆ ಸುಮ್ಮನಿರುವಂತಿಲ್ಲ. ಒಳ್ಳೆಯ ನಿಯಮ. ಆದರೆ ಎರಡನೇ ಬಗೆಯ ಗೈರು ಅದಕ್ಕೆ ಸಿಗುವುದೇ ಇಲ್ಲ. ವಾರಕ್ಕೊಮ್ಮೆ ಸಂತೆಯ ದಿನ ಮಾತ್ರ ತಪ್ಪಿಸುವ ಮಗು ಏಳು ದಿನದ ಗೆರೆಯನ್ನು ಯಾವತ್ತೂ ಮುಟ್ಟುವುದಿಲ್ಲ. ವರ್ಷಕ್ಕೆ 220 ದಿನ ಶಾಲೆ ಎಂದರೆ ಸುಮಾರು 36 ವಾರ, 36 ಸಂತೆ. ಒಂದನೇ ತರಗತಿಯಿಂದ ಏಳನೆಯವರೆಗೆ ಹೀಗೇ ನಡೆದರೆ 252 ದಿನ. ಟಿಸಿ ಕೈಗೆ ಬರುವ ಹೊತ್ತಿಗೆ ಆ ಮಗು ಒಂದು ಇಡೀ ವರ್ಷಕ್ಕಿಂತ ಹೆಚ್ಚು ಪಾಠ ಕಳೆದುಕೊಂಡಿರುತ್ತದೆ, ಅದರ ಹೆಸರು ಯಾವ ಪಟ್ಟಿಯಲ್ಲೂ ಬಂದಿರುವುದಿಲ್ಲ.

ಎರಡು ಹೊತ್ತು ಹಾಜರಿ ತೆಗೆಯುವ ಪದ್ಧತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬಿಸಿಯೂಟ ಮುಗಿದ ಮೇಲೆ ಮನೆಗೆ ಹೋಗಿ ತಿರುಗಿ ಬಾರದ ಮಗು ಮಧ್ಯಾಹ್ನದ ಕಾಲಮ್ಮಿನಲ್ಲಿ ಮಾತ್ರ ಸಿಗುತ್ತದೆ. ಬೆಳಿಗ್ಗೆಯೇ ಎರಡೂ ಹೊತ್ತಿನ ಗುರುತು ಹಾಕಿಬಿಟ್ಟರೆ ಈ ಮಗು ಕಾಣದಂತೆ ಆಗುತ್ತದೆ. ಇನ್ನೊಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಶಾಲೆಯ ಹಾಜರಿ ಕಡಿಮೆ ಕಾಣಬಾರದು ಎಂದು ಬಾರದ ಮಗುವಿಗೆ ಹಾಜರಿ ಹಾಕಿದ ಕಡೆ ಪಾಲಕರ ಜೊತೆಗಿನ ಮಾತುಕತೆ ಅಲ್ಲಿಗೇ ಸತ್ತಂತೆ. ಪುಸ್ತಕದಲ್ಲಿ ಬಂದಿದ್ದಾಳೆ ಎಂದು ಬರೆದು, ಮನೆಗೆ ಫೋನ್ ಮಾಡಿ ಯಾಕೆ ಬಂದಿಲ್ಲ ಎಂದು ಕೇಳುವುದಾದರೂ ಹೇಗೆ? ಗೈರನ್ನು ಗೈರು ಎಂದು ಬರೆದ ಶಿಕ್ಷಕರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಪ್ರಶ್ನಿಸುವ ಅಧಿಕಾರಿಗಳು ಇದನ್ನು ಅರ್ಥಮಾಡಿಕೊಳ್ಳಬೇಕು.

ನಂಬರು ಹುಡುಕುವ ಕೆಲಸ

ದಾಖಲಾತಿ ಅರ್ಜಿಯಲ್ಲಿ ಬರೆದ ಮೊಬೈಲ್ ನಂಬರ್ ಎರಡನೇ ವರ್ಷಕ್ಕೆ ಕೆಲಸಕ್ಕೆ ಬರುವುದು ಅಪರೂಪ. ಸಿಮ್ ಬದಲಾಗಿರುತ್ತದೆ. ರೀಚಾರ್ಜ್ ಮುಗಿದು ಕೆಲವು ದಿನವಾದರೆ ಒಳಬರುವ ಕರೆಯೂ ನಿಲ್ಲುತ್ತದೆ. ಇಲ್ಲವೇ ಅದು ಅಪ್ಪನ ನಂಬರ್, ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿರುತ್ತಾನೆ. ಮಗು ಇವತ್ತು ಶಾಲೆಗೆ ಹೋಯಿತೋ ಇಲ್ಲವೋ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಒಂದು ಮನೆಗೆ ಮೂರು ನಂಬರ್ ಬೇಕು: ತಾಯಿಯದು, ಹಗಲು ಹೊತ್ತು ಮನೆಯಲ್ಲೇ ಇರುವ ಅಜ್ಜಿ ಅಥವಾ ದೊಡ್ಡವ್ವನದು, ಅದೇ ಓಣಿಯ ಕಿರಾಣಿ ಅಂಗಡಿಯದೋ ನೆರೆಮನೆಯದೋ ಒಂದು.

ತಾಯಿಯ ನಂಬರ್ ಕೇಳುವಾಗ ‘ನಿಮ್ಮ ಫೋನ್ ನಂಬರ್ ಕೊಡಿ’ ಅನ್ನುವುದಕ್ಕಿಂತ ‘ಬ್ಯಾಂಕಿನ ಮೆಸೇಜ್ ಯಾವ ನಂಬರಿಗೆ ಬರ್ತದ?’ ಎಂದು ಕೇಳುವುದು ಒಳ್ಳೆಯದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ 2,000 ರೂಪಾಯಿ ಬಂತೋ ಇಲ್ಲವೋ ಎಂದು ನೋಡಲು ಒಂದು ನಂಬರನ್ನು ಹೆಣ್ಣುಮಕ್ಕಳು ಜೋಪಾನವಾಗಿ ಚಾಲ್ತಿಯಲ್ಲಿ ಇಟ್ಟುಕೊಳ್ಳುತ್ತಾರೆ. ಆ ನಂಬರ್ ಸಿಕ್ಕರೆ ವರ್ಷದ ಕೊನೆಯವರೆಗೂ ಅದು ನಡೆಯುವ ಸಾಧ್ಯತೆ ಹೆಚ್ಚು.

ನಂಬರ್ ಬರೆದುಕೊಂಡರೆ ಅರ್ಧ ಕೆಲಸ. ತಾಯಿ ಎದುರಿಗಿರುವಾಗಲೇ ಒಂದು ಮಿಸ್ಡ್ ಕಾಲ್ ಕೊಟ್ಟು, ಅವಳ ಫೋನಿನಲ್ಲಿ ಶಿಕ್ಷಕರ ನಂಬರನ್ನು ಸೇವ್ ಮಾಡಿಸಬೇಕು. ಇದನ್ನು ಬಿಟ್ಟವರೇ ಹೆಚ್ಚು. ಗುರುತಿಲ್ಲದ ನಂಬರನ್ನು ಊರಿನ ಹೆಣ್ಣುಮಕ್ಕಳು ಎತ್ತುವುದಿಲ್ಲ, ಸಾಲದವರ ಕಾಟ, ಮೋಸದ ಕರೆಗಳ ಭಯ ಎರಡೂ ಇವೆ. ಓದಲು ಬಾರದ ತಾಯಿಗೆ ಕೀಪ್ಯಾಡ್ ಫೋನಾದರೆ ಬೇರೆ ರಿಂಗ್‌ಟೋನ್ ಇಟ್ಟುಕೊಡಬಹುದು, ಸ್ಮಾರ್ಟ್‌ಫೋನಾದರೆ ಶಾಲೆಯ ಗೇಟಿನ ಫೋಟೊವನ್ನು ಆ ನಂಬರಿಗೆ ಸೇರಿಸಬಹುದು. ಮನೆಯ ದೊಡ್ಡ ಮಗಳು ಇದನ್ನು ಅರೆ ನಿಮಿಷದಲ್ಲಿ ಮಾಡುತ್ತಾಳೆ. ಶಿಕ್ಷಕರ ಫೋನಿನಲ್ಲೂ ಮಗುವಿನ ಹೆಸರಿನ ಮುಂದೆ ತರಗತಿ, ಆಮೇಲೆ ‘ಅವ್ವ’, ‘ಅಜ್ಜಿ’ ಎಂದು ಸೇರಿಸಿ ಸೇವ್ ಮಾಡಿದರೆ ಎತ್ತಿದವರು ಯಾರೆಂದು ತಡಕಾಡುವ ಪ್ರಸಂಗ ಬರುವುದಿಲ್ಲ. ಜೂನ್, ದಸರಾ ರಜೆಯ ನಂತರ, ಸಂಕ್ರಾಂತಿಯ ನಂತರ ಹೀಗೆ ವರ್ಷಕ್ಕೆ ಮೂರು ಸಲ ಈ ಪಟ್ಟಿಯನ್ನು ಪರೀಕ್ಷಿಸಬೇಕು.

ಎರಡು ನಿಮಿಷದ ಮಾತು

ಗೈರಾದ ದಿನವೇ ಫೋನ್ ಹೋಗಬೇಕು. ಮೂರನೇ ದಿನ ಮಾಡಿದರೆ ಅದು ವಿಚಾರಣೆಯ ಹಾಗೆ ಕೇಳಿಸುತ್ತದೆ, ಏಳನೇ ದಿನ ಮಾಡಿದರೆ ನೋಟಿಸಿನ ಹಾಗೆ. ಆದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ತಾಯಿ ಹೊಲದಲ್ಲಿರುತ್ತಾಳೆ, ಫೋನ್ ಮನೆಯಲ್ಲಿ ಚಾರ್ಜಿಗಿರುತ್ತದೆ. ಹಾಗಾಗಿ ಬೆಳಿಗ್ಗೆ ಮನೆಯಲ್ಲಿರುವ ಅಜ್ಜಿಗೆ ಒಂದು ಮಾತು, ಸಂಜೆ ಏಳರಿಂದ ಎಂಟರ ನಡುವೆ ತಾಯಿಗೆ ಇನ್ನೊಂದು. ರೊಟ್ಟಿ ಬಡಿಯುವ ಹೊತ್ತು ಅದು, ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟುಕೊಂಡು ಮಾತಾಡುತ್ತಾಳೆ. ಅಂದರೆ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ ಎಂಬುದು ಶಿಕ್ಷಕರ ಮನಸ್ಸಿನಲ್ಲಿರಬೇಕು. ಅತ್ತೆಯ ಮುಂದೆ, ಗಂಡನ ಮುಂದೆ ಮರ್ಯಾದೆ ಹೋಗುವಂಥ ಒಂದು ಮಾತು ಬಂದರೆ ಆ ನಂಬರ್ ಇನ್ನು ಸಿಗುವುದಿಲ್ಲ.

ಮಾತಿನ ಕ್ರಮವೂ ಮುಖ್ಯ. ‘ಯಾಕ ಕಳಿಸಿಲ್ಲ?’ ಎಂದು ಶುರು ಮಾಡಿದರೆ ಉತ್ತರ ಸಿದ್ಧವಾಗಿರುತ್ತದೆ: ಜ್ವರ, ಹೊಟ್ಟೆನೋವು. ‘ಯಕ್ಕಾ, ನಾನು ಸಾಲಿ ಟೀಚರ್ ಮಾತಾಡ್ಲಿಕತ್ತೀನಿ. ನಿಮ್ಮ ಮಗಳು ಇವತ್ತು ಕಾಣಲಿಲ್ಲಲ್ಲ, ಆರಾಮ ಅದಾಳಿಲ್ಲೋ?’ ಎಂದು ಶುರು ಮಾಡಬೇಕು. ಉತ್ತರ ಏನೇ ಬರಲಿ, ಆಮೇಲೆ ಇವತ್ತು ತರಗತಿಯಲ್ಲಿ ಏನಾಯಿತು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು: ಭಾಗಾಕಾರ ಶುರು ಮಾಡಿದೆವು, ನಾಳೆ ಅದನ್ನೇ ಮುಂದುವರಿಸುತ್ತೇವೆ. ಕೊನೆಗೆ ‘ನಾಳೆ ದಾರಿ ನೋಡ್ತೀನಿ’. ಅಷ್ಟೆ. ಆಧಾರ್ ವಿಷಯವನ್ನು ಇದೇ ಫೋನಿನಲ್ಲಿ ಎತ್ತಬಾರದು, ಎಷ್ಟೇ ಅರ್ಜೆಂಟ್ ಇರಲಿ. ದಾಖಲೆ ಕೇಳುವ ಫೋನನ್ನು ಸಾಧ್ಯವಾದರೆ ಮುಖ್ಯ ಶಿಕ್ಷಕರು ಬೇರೆ ನಂಬರಿನಿಂದ ಮಾಡಲಿ.

ಐದನೇ ತರಗತಿಯ ಒಬ್ಬ ಹುಡುಗಿಯ ಪ್ರಸಂಗ ಹೇಳುತ್ತೇನೆ. ಅವಳ ಸಾಲಿನಲ್ಲಿ ಪ್ರತಿ ಬುಧವಾರ ಗೈರು. ಮೊದಲ ಫೋನಿಗೆ ತಾಯಿ ಹೊಟ್ಟೆನೋವು ಅಂದಳು. ಟೀಚರ್ ಅದನ್ನು ನಂಬಿದವರಂತೆ, ಬಿಸಿನೀರು ಕುಡಿಸಿ ಅಂದರು. ಮುಂದಿನ ಬುಧವಾರ ತಲೆನೋವು. ಅದಕ್ಕೂ ಟೀಚರ್ ಏನೂ ಎದುರಾಡಲಿಲ್ಲ, ಹುಡುಗಿ ಬರೆದ ಪ್ರಬಂಧ ಚೆನ್ನಾಗಿತ್ತು, ತರಗತಿಯಲ್ಲಿ ಓದಿಸಿದೆವು ಎಂದು ಹೇಳಿ ಇಟ್ಟರು. ಮೂರನೇ ಸಲ ತಾಯಿ ತಾನಾಗಿಯೇ ಬಾಯಿಬಿಟ್ಟಳು: ‘ಖರೇ ಹೇಳ್ಬೇಕಂದ್ರ ಬುಧವಾರ ಸಂತಿ ಐತ್ರಿ, ನಾ ಕಾಯಿಪಲ್ಲೆ ಮಾರಾಕ ಹೋಗ್ತೀನಿ, ಸಣ್ಣ ಕೂಸಿನ ಹಿಡಿಯೋರು ಯಾರೂ ಇಲ್ಲ.’ ಕೂಸಿಗೆ ಒಂದೂವರೆ ವರ್ಷ. ಅಂಗನವಾಡಿಯಲ್ಲಿ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸುತ್ತಾರೆ, ಇಷ್ಟು ಚಿಕ್ಕವರಿಗೆ ಅಲ್ಲಿಂದ ಆಹಾರದ ಪೊಟ್ಟಣ ಮಾತ್ರ. ಪಂಚಾಯಿತಿಯ ಕೂಸಿನ ಮನೆ (ಎಳೆಯ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ) ಇರುವ ಊರಾದರೆ ಅದೊಂದು ದಾರಿ, ಈ ಊರಲ್ಲಿ ಅದಿರಲಿಲ್ಲ. ಕೊನೆಗೆ ಹೊಳೆದದ್ದು ಇಷ್ಟು: ಸಂತೆ ರಂಗೇರುವುದು ಮಧ್ಯಾಹ್ನದ ಮೇಲೆ. ತಾಯಿ ಊಟದ ಹೊತ್ತಿನವರೆಗೆ ಮನೆಯಲ್ಲಿರಬಹುದು, ಹುಡುಗಿ ಬೆಳಿಗ್ಗೆ ಬಂದು ಬಿಸಿಯೂಟ ಮುಗಿಸಿ ಹೋಗಬಹುದು. ಟೀಚರ್ ಬುಧವಾರದ ಗಣಿತವನ್ನು ಮೊದಲ ಪೀರಿಯಡ್ಡಿಗೆ ತಂದರು. ಇಡೀ ದಿನದ ಗೈರು ಅರ್ಧ ದಿನಕ್ಕೆ ಇಳಿಯಿತು. ಇದು ಪೂರ್ತಿ ಪರಿಹಾರ ಅಲ್ಲ. ಆದರೆ ಎಳೆ ಕೂಸಿನ ಜವಾಬ್ದಾರಿ ಹತ್ತು ವರ್ಷದ ಹುಡುಗಿಯ ಮೇಲಿದೆ ಎಂಬ ಸತ್ಯ ಹೊರಬಂದದ್ದೇ ಮೂರನೇ ಫೋನಿನಲ್ಲಿ. ಮೊದಲ ಸಲವೇ ‘ಸುಳ್ಳು ಹೇಳಬೇಡ್ರಿ’ ಎಂದಿದ್ದರೆ ಮೂರನೆಯದು ಇರುತ್ತಲೇ ಇರಲಿಲ್ಲ.

ಹೊಟ್ಟೆನೋವಿನ ಹಿಂದೆ ಇನ್ನೂ ಏನೇನೋ ಇರುತ್ತವೆ. ಇರುವ ಒಂದು ಜೊತೆ ಸಮವಸ್ತ್ರ ಒಣಗಿಲ್ಲ. ಕಜ್ಜಿ ಆಗಿದೆ, ಪಕ್ಕದಲ್ಲಿ ಯಾರೂ ಕೂರಿಸಿಕೊಳ್ಳುವುದಿಲ್ಲ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳಲ್ಲಿ ತಿಂಗಳಿಗೆ ಮೂರ್ನಾಲ್ಕು ದಿನ ಒಟ್ಟಿಗೆ ಗೈರಾಗುತ್ತಿದ್ದರೆ ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಮೊದಲು ನೋಡಬೇಕು. ಆ ಮಾತನ್ನು ತಾಯಿಯ ಹತ್ತಿರ ಶಿಕ್ಷಕಿ ಇಲ್ಲವೇ ಆಶಾ ಕಾರ್ಯಕರ್ತೆ ಮಾತ್ರ ಆಡಲು ಸಾಧ್ಯ. ಕೆಲವೊಮ್ಮೆ ಕಾರಣ ಶಾಲೆಯ ಒಳಗೇ ಇರುತ್ತದೆ: ಮಾಸ್ತರು ಹೊಡೆದಿದ್ದಾರೆ. ಇದನ್ನು ತಾಯಿ ಮಾಸ್ತರ ಮುಂದೆ ಹೇಗೆ ಹೇಳಿಯಾಳು? ಅದಕ್ಕೇ ತಿಂಗಳಿಗೊಮ್ಮೆಯಾದರೂ ತರಗತಿಯವರಲ್ಲದ ಇನ್ನೊಬ್ಬ ಶಿಕ್ಷಕರು ಆ ಮನೆಗಳಿಗೆ ಮಾತಾಡಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎನ್ನುವ ಪ್ರಶ್ನೆ ನ್ಯಾಯವಾದದ್ದು. 30 ಮಕ್ಕಳ ತರಗತಿಯಲ್ಲಿ ದಿನಕ್ಕೆ ಮೂರ್ನಾಲ್ಕು ಗೈರು, ಎರಡೆರಡು ನಿಮಿಷ ಎಂದರೆ ಎಂಟು ನಿಮಿಷ. ಏನೂ ಕಾರಣವಿಲ್ಲದ, ಮಗುವಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಹೇಳುವ ಫೋನ್ ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಬೇಕೆಂದರೆ ದಿನಕ್ಕೆ ಒಂದು, ಅಪರೂಪಕ್ಕೆ ಎರಡು. ಒಟ್ಟು ಹತ್ತು ಹನ್ನೆರಡು ನಿಮಿಷ. ಒಂದರಿಂದ ಐದರವರೆಗೆ ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದೂ ಭಾರವೇ. ಅಲ್ಲಿ ಎಲ್ಲರನ್ನೂ ಬಿಟ್ಟು, ತಿಂಗಳಲ್ಲಿ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಿದ ಮಕ್ಕಳ ಮನೆಗಳನ್ನು ಮಾತ್ರ ಹಿಡಿದುಕೊಳ್ಳಬೇಕು. ಅದೇ ಊರಿನ ಅತಿಥಿ ಶಿಕ್ಷಕರಿದ್ದರೆ ಫೋನ್ ಕೆಲಸಕ್ಕೆ ಅವರಿಗಿಂತ ಒಳ್ಳೆಯವರಿಲ್ಲ, ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಅವರಿಗೆ ಕೇಳದೆಯೇ ಗೊತ್ತಿರುತ್ತದೆ.

ಚುಕ್ಕೆ ಕಾರ್ಡ್

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 28,000ಕ್ಕೂ ಹೆಚ್ಚು ಮನೆಗಳನ್ನು ಸೇರಿಸಿಕೊಂಡು ನಡೆಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಮ್ಮ ಮಗು ಎಷ್ಟು ದಿನ ಶಾಲೆ ತಪ್ಪಿಸಿದೆ ಎಂಬುದನ್ನು ತಂದೆತಾಯಿಗಳು ಕಡಿಮೆ ಅಂದಾಜು ಮಾಡುತ್ತಾರೆ ಎಂಬುದು ಅದರ ತಳಹದಿ. ಒಟ್ಟು ಎಷ್ಟು ದಿನ ಗೈರು ಎಂದು ವರ್ಷದಲ್ಲಿ ಕೆಲವು ಸಲ ಅಂಚೆಯಲ್ಲಿ ತಿಳಿಸಿದ್ದಕ್ಕೇ ಅತಿಯಾಗಿ ಗೈರಾಗುವ ಮಕ್ಕಳ ಪ್ರಮಾಣ ಶೇಕಡ ಹತ್ತು ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಆ ನಗರಕ್ಕೂ ನಮ್ಮ ಸುರಪುರ, ದೇವದುರ್ಗದ ಹಳ್ಳಿಗಳಿಗೂ ಹೋಲಿಕೆಯೇ ಇಲ್ಲ. ಆದರೆ ತಂದೆತಾಯಿಗೆ ಲೆಕ್ಕ ಗೊತ್ತಿರುವುದಿಲ್ಲ ಎಂಬ ಮಾತು ಇಲ್ಲಿಗೂ ಅಷ್ಟೇ ಸತ್ಯ. ಮೊನ್ನೆ ಮದುವೆಗೆ ಎರಡು ದಿನ, ಅದರ ಹಿಂದೆ ಜಾತ್ರೆಗೆ ಎರಡು, ಪಂಚಮಿಗೆ ಮೂರು, ಹೀಗೆ ಬಿಡಿಬಿಡಿಯಾಗಿ ಹೋದ ದಿನಗಳನ್ನು ಯಾರು ಕೂಡಿಸಿ ನೋಡುತ್ತಾರೆ?

ಅಂಚೆ ಇಲ್ಲಿ ಕೆಲಸ ಮಾಡುವುದಿಲ್ಲ, ಓದಲು ಬಾರದವರ ಮನೆಗೆ ಪತ್ರ ಕಳಿಸಿ ಪ್ರಯೋಜನವೂ ಇಲ್ಲ. ಅದಕ್ಕೆ ಬದಲು ಒಂದು ಕಾರ್ಡ್. ಎ4 ಹಾಳೆಯ ಅರ್ಧ, ಸ್ವಲ್ಪ ದಪ್ಪ ಕಾಗದ. ಜೂನ್‌ನಿಂದ ಏಪ್ರಿಲ್‌ವರೆಗೆ ಹನ್ನೊಂದು ಸಾಲು, ಪ್ರತಿ ಸಾಲಿನಲ್ಲಿ 31 ಚೌಕ. ಭಾನುವಾರ, ರಜೆ ಬಂದ ಚೌಕಗಳಿಗೆ ಅಡ್ಡಗೆರೆ. ಮಗು ಬಾರದ ದಿನಕ್ಕೆ ಕೆಂಪು ಪೆನ್ನಿನಲ್ಲಿ ದಪ್ಪ ಚುಕ್ಕೆ, ಮಧ್ಯಾಹ್ನ ಮಾತ್ರ ಬಾರದಿದ್ದರೆ ಅರ್ಧ ಚುಕ್ಕೆ. ಬಂದ ದಿನದ ಚೌಕ ಖಾಲಿ. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಹಾಜರಿ ಪುಸ್ತಕ ನೋಡಿ ಶಿಕ್ಷಕರು ತಾರೀಖು ಹೇಳುತ್ತಾರೆ, ಚುಕ್ಕೆಯನ್ನು ಮಗುವೇ ಇಡುತ್ತದೆ. ಒಂದು, ಎರಡನೇ ತರಗತಿಯವರಿಗೆ ಶಿಕ್ಷಕರೇ ಇಡಬೇಕು. ತಿಂಗಳ ಕೊನೆಯ ಶನಿವಾರ ಕಾರ್ಡ್ ಮನೆಗೆ ಹೋಗುತ್ತದೆ, ಸೋಮವಾರ ತಿರುಗಿ ಬರುತ್ತದೆ.

ಇದರಲ್ಲಿ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು, ಪಾಲಕರ ಸಹಿ ಎಂಬ ಕಾಲಮ್ಮು ಸೇರಿಸುವುದು. ಸಹಿ ಬಂದ ಕೂಡಲೇ ಅದು ನೋಟಿಸ್ ಆಗುತ್ತದೆ, ಮಗು ಕಾರ್ಡನ್ನು ಮನೆಯಲ್ಲಿ ತೋರಿಸದೆ ತಾನೇ ಗೀಚಿಕೊಂಡು ಬರುತ್ತದೆ. ಇನ್ನೊಂದು, ಬೇರೆ ಮಕ್ಕಳ ಲೆಕ್ಕವನ್ನೂ ಅದರಲ್ಲಿ ಹಾಕುವುದು. ಪಕ್ಕದ ಮನೆಯ ಹುಡುಗನಿಗಿಂತ ನಿನ್ನ ಮಗ ಹಿಂದೆ ಎಂದು ಬರವಣಿಗೆಯಲ್ಲಿ ಕೊಟ್ಟರೆ ಏಟು ಬೀಳುವುದು ಮಗುವಿಗೆ. ಕಾರ್ಡ್ ಕಳಿಸುವ ಮೊದಲ ತಿಂಗಳು ಪ್ರತಿ ಮನೆಗೂ ಒಂದು ಮಾತು ಹೇಳಲೇಬೇಕು: ಇದನ್ನು ನೋಡಿ ಹೊಡೆಯಬೇಡಿ, ನಮಗೆ ಫೋನ್ ಮಾಡಿ.

ಒಂದು ಊರಿನಲ್ಲಿ ಆರನೇ ತರಗತಿಯ ಹುಡುಗನ ಅಪ್ಪ ಕಾರ್ಡ್ ಹಿಡಿದುಕೊಂಡು ನೇರ ಶಾಲೆಗೇ ಬಂದಿದ್ದ. ಜುಲೈ ಸಾಲಿನಲ್ಲಿ ಒಂಬತ್ತು ಕೆಂಪು ಚುಕ್ಕೆ. ‘ಇದು ತಪ್ಪೈತ್ರಿ. ನನ್ನ ಮಗ ದಿನಾ ಚೀಲ ಹಾಕ್ಕೊಂಡು ನನ್ನ ಕಣ್ಣ ಮುಂದ ಹೊಂಟಿರ್ತಾನ’ ಎಂದು ದನಿ ಏರಿಸಿದ. ಮುಖ್ಯ ಶಿಕ್ಷಕರು ವಾದಕ್ಕಿಳಿಯದೆ ಕುರ್ಚಿ ಕೊಟ್ಟು ಹಾಜರಿ ಪುಸ್ತಕ ಬಿಚ್ಚಿಟ್ಟರು. ಅಪ್ಪ ತಾರೀಖುಗಳನ್ನು ಒಂದೊಂದಾಗಿ ಕೇಳಿಸಿಕೊಂಡು ಸುಮ್ಮನಾದ. ಹುಡುಗ ಮನೆಯಿಂದ ಹೊರಡುತ್ತಿದ್ದದ್ದು ನಿಜ, ಕಾಲುವೆಯ ದಂಡೆಯವರೆಗೆ ಹೋಗಿ ಇನ್ನಿಬ್ಬರ ಜೊತೆ ಈಜುತ್ತಿದ್ದ. ತುಂಬಿದ ಕಾಲುವೆ ಅದು. ಮಗ ಹೊರಟದ್ದು ಮನೆಗೆ ಗೊತ್ತು, ತಲುಪದಿದ್ದದ್ದು ಶಾಲೆಗೆ ಗೊತ್ತು, ಎರಡನ್ನೂ ಒಂದು ಕಡೆ ತಂದಿಡುವವರು ತಿಂಗಳಿಡೀ ಯಾರೂ ಇರಲಿಲ್ಲ. ಅವತ್ತಿನಿಂದ ಆ ಶಾಲೆಯಲ್ಲಿ ನಾಲ್ಕನೇ ತರಗತಿಯಿಂದ ಮೇಲಿನ ಮಕ್ಕಳ ಗೈರಿಗೆ ಫೋನ್ ಮಾಡುವುದು ಸಂಜೆಗೆ ಕಾಯುವುದಿಲ್ಲ, ಪ್ರಾರ್ಥನೆ ಮುಗಿದು ಹಾಜರಿ ಕರೆದ ತಕ್ಷಣ ಹೋಗುತ್ತದೆ.

ವಾಟ್ಸ್ಆ್ಯಪ್ ಗ್ರೂಪ್ ಬಗ್ಗೆ ಎರಡೇ ಮಾತು. ಸ್ವಾತಂತ್ರ್ಯ ದಿನದ ಫೋಟೊ ಹಂಚಲು, ನಾಳೆ ರಜೆ ಎಂದು ತಿಳಿಸಲು ಅದು ಸಾಕು. ಹಾಜರಿಗೆ ಅದು ದಾರಿಯಲ್ಲ, ಯಾಕೆಂದರೆ ಹೆಚ್ಚು ಗೈರಾಗುವ ಮಕ್ಕಳ ತಾಯಂದಿರು ಆ ಗ್ರೂಪಿನಲ್ಲೇ ಇರುವುದಿಲ್ಲ. ಗೈರಾದವರ ಹೆಸರನ್ನು ಗ್ರೂಪಿನಲ್ಲಿ ಹಾಕುವುದಂತೂ ಊರ ಮುಂದೆ ಡಂಗುರ ಸಾರಿದಂತೆ. ಬಳಸುವುದೇ ಆದರೆ ಆಯಾ ತಾಯಿಗೆ ಪ್ರತ್ಯೇಕವಾಗಿ ಅರೆ ನಿಮಿಷದ ವಾಯ್ಸ್ ಮೆಸೇಜ್ ಕಳಿಸಬೇಕು, ಅವರ ಆಡುಮಾತಿನಲ್ಲಿ.

ಹತ್ತಿ, ಮೆಣಸಿನಕಾಯಿ, ಗುಳೆ

ಈ ಭಾಗದ ಶಾಲೆಗಳಲ್ಲಿ ಗೈರಿಗೂ ಪಂಚಾಂಗ ಇದೆ. ಆಗಸ್ಟ್‌ನಲ್ಲಿ ಹೆಸರುಕಾಯಿ ಬಿಡಿಸುವುದು, ನವೆಂಬರ್‌ನಿಂದ ಜನವರಿವರೆಗೆ ಹತ್ತಿ, ಅದರ ಬೆನ್ನಿಗೆ ತೊಗರಿ ರಾಶಿ, ಆಮೇಲೆ ಮೆಣಸಿನಕಾಯಿ. ಹತ್ತಿ ಬಿಡಿಸಲು ಕೆಜಿ ಲೆಕ್ಕದ ಕೂಲಿ, ಮಗುವಿನ ಕೈಯಿಂದ ಬಂದದ್ದೂ ತಾಯಿಯ ಚೀಲಕ್ಕೇ ಸೇರುತ್ತದೆ. ಬೆಳಿಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಬಂದು ನಿಂತಾಗ ಫೋನ್ ಮಾಡಿ ಬುದ್ಧಿ ಹೇಳಿದರೆ ಅದು ಹೊಟ್ಟೆಪಾಡಿನ ಮುಂದೆ ನಿಲ್ಲುವುದಿಲ್ಲ. ಮಾತಾಡಬೇಕಾದದ್ದು ಅಕ್ಟೋಬರ್ ಕೊನೆಯಲ್ಲಿ, ಕೆಲಸ ಶುರುವಾಗುವ ಮುಂಚೆ. ಆಗ ಬೇಡಿಕೆಯೂ ಚಿಕ್ಕದಾಗಿರಬೇಕು: ರವಿವಾರ, ರಜೆಯ ದಿನ ಹೊಲದಲ್ಲಿ ಏನೇ ಮಾಡಿಕೊಳ್ಳಿ ಅನ್ನಲು ಶಿಕ್ಷಕರಿಗೆ ಮನಸ್ಸು ಬರುವುದಿಲ್ಲ, ಕಾನೂನೂ ಒಪ್ಪುವುದಿಲ್ಲ, ಶಾಲೆಯಿರುವ ದಿನ ಟಂಟಂ ಹತ್ತಿಸಬೇಡಿ ಎಂದಷ್ಟೇ ಕೇಳಬಹುದು. ಜೊತೆಗೆ, ಮಕ್ಕಳನ್ನು ಕರೆದೊಯ್ಯುವ ಗಾಡಿಯವನ ಹತ್ತಿರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಒಂದು ಮಾತು ಆಡಿದರೆ ಹತ್ತು ಮನೆಗೆ ಫೋನ್ ಮಾಡಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಬಾಲಕಾರ್ಮಿಕ ಕಾನೂನು ಅವನಿಗೆ ಗೊತ್ತಿರುತ್ತದೆ.

ಗುಳೆ ಬೇರೆ ಕಥೆ. ದೀಪಾವಳಿ ಕಳೆಯುತ್ತಿದ್ದಂತೆ ಮನೆಗೆ ಬೀಗ ಬೀಳುತ್ತದೆ, ಬೆಂಗಳೂರಿಗೋ ಪುಣೆಗೋ ಹೊರಟ ಕುಟುಂಬ ಯುಗಾದಿಯ ಹೊತ್ತಿಗೆ ತಿರುಗುತ್ತದೆ. ದಸರಾ ರಜೆಗೂ ಮುಂಚೆಯೇ ಪ್ರತಿ ಮನೆಗೂ ಒಂದು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬೇಕು: ಈ ಸಲ ಹೋಗ್ತೀರಾ, ಮಗುವನ್ನು ಯಾರ ಹತ್ತಿರ ಬಿಡ್ತೀರಿ? ಅಜ್ಜಿಯ ಹತ್ತಿರ ಬಿಡುವುದಾದರೆ ಇನ್ನು ಮುಂದೆ ಮಾತಾಡಬೇಕಾದ ಪಾಲಕಿ ಅಜ್ಜಿಯೇ, ಅವಳನ್ನು ಒಮ್ಮೆ ಶಾಲೆಗೆ ಕರೆಸಿ ಟೀ ಕೊಟ್ಟು ಕೂರಿಸಿ ಮಾತಾಡಬೇಕು. ಗುಳೆ ಹೋದವರ ಮಕ್ಕಳಿಗೆಂದು ನಡೆಸುವ ಋತುಮಾನದ ವಸತಿ ಕೇಂದ್ರ ಹತ್ತಿರದಲ್ಲಿದ್ದರೆ ಹೆಸರು ಈಗಲೇ ಕೊಡಬೇಕು. ಮಗುವನ್ನು ಜೊತೆಗೇ ಕರೆದುಕೊಂಡು ಹೋಗುವವರ ಕೈಗೆ ಒಂದು ಚೀಟಿ ಕೊಡಬೇಕು: ಮಗುವಿನ ಹೆಸರು, ತರಗತಿ, ಇಲಾಖೆಯ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಎಸ್‌ಎಟಿಎಸ್ ಸಂಖ್ಯೆ, ಮುಖ್ಯ ಶಿಕ್ಷಕರ ಫೋನ್ ನಂಬರ್, ಶಾಲೆಯ ಸೀಲು. ಟಿಸಿ ಇಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಂ ಹೇಳುತ್ತದೆ. ಆ ಒಂದು ಸಾಲನ್ನೂ ಚೀಟಿಯಲ್ಲಿ ಅಚ್ಚು ಹಾಕಿಸಿದರೆ ಬೆಂಗಳೂರಿನ ಶೆಡ್ಡಿನಲ್ಲಿರುವ ತಾಯಿಗೆ ಅದೇ ಬಲ. ಹದಿನೈದು ದಿನಕ್ಕೊಮ್ಮೆ ಅವರಿಗೂ ಫೋನ್ ಹೋಗಬೇಕು, ಕಂತ್ರಾಟುದಾರ ಜಾಗ ಬದಲಿಸಿದ್ದು ಗೊತ್ತಾಗುವುದು ಹಾಗೆಯೇ. ಶಾಲೆ ನೆನಪಿಟ್ಟುಕೊಂಡಿದೆ ಎಂದು ಗೊತ್ತಿರುವ ಮಗು ಯುಗಾದಿಗೆ ಊರಿಗೆ ಬಂದಾಗ ಹಿಂಜರಿಯದೆ ತರಗತಿಗೆ ಕಾಲಿಡುತ್ತದೆ.

ಅಮಾವಾಸ್ಯೆಯ ಸಭೆ

ಪಾಲಕರ ಸಭೆಗೆ ಜನ ಬರುವುದಿಲ್ಲ ಎನ್ನುವವರು ಸಭೆ ಕರೆದ ದಿನ ಯಾವುದು ಎಂದು ನೋಡಬೇಕು. ಈ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಸೋಮವಾರ ಬಸವಣ್ಣನ ವಾರವೆಂದು ಬಹಳ ಊರುಗಳಲ್ಲಿ ಬೇಸಾಯ ನಿಲ್ಲಿಸುತ್ತಾರೆ. ಆ ದಿನ ಬೆಳಿಗ್ಗೆ ಎಂಟೂವರೆಗೆ ಕರೆದರೆ ಗಂಡಸರು ಸಿಗುತ್ತಾರೆ. ಹೆಣ್ಣಾಳಿನ ಕೆಲಸ ಅಮಾವಾಸ್ಯೆಗೂ ನಿಲ್ಲುವುದಿಲ್ಲ, ಹಾಗಾಗಿ ತಾಯಂದಿರಿಗೆ ಸ್ವಸಹಾಯ ಸಂಘದ ವಾರದ ಸಭೆಗೆ ಶಿಕ್ಷಕರೇ ಹೋಗಿ ಹತ್ತು ನಿಮಿಷ ಕೇಳಿಕೊಳ್ಳುವುದು ಮೇಲು. ಕರ್ನಾಟಕದಲ್ಲಿ ಎಸ್‌ಡಿಎಂಸಿ 2001ರಲ್ಲೇ ಬಂದಿದೆ, ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ಮುಂಚೆ. ಆದರೂ ಅದರ ಸಭೆಯಲ್ಲಿ ಅನುದಾನ, ಕಾಂಪೌಂಡು, ಬಣ್ಣ ಇವುಗಳ ಮಾತೇ ಹೆಚ್ಚು. ಹಾಜರಿಯನ್ನು ಮೊದಲ ವಿಷಯವಾಗಿ ಇಟ್ಟು, ಯಾರ ಹೆಸರನ್ನೂ ಎತ್ತದೆ, ಯಾವ ಓಣಿಯಿಂದ ಯಾವ ವಾರ ಹೆಚ್ಚು ಮಕ್ಕಳು ತಪ್ಪಿಸುತ್ತಿದ್ದಾರೆ ಎಂದಷ್ಟೇ ಹೇಳಿದರೆ ಆ ಓಣಿಯವರೇ ಕಾರಣ ಹೇಳುತ್ತಾರೆ: ಹಳ್ಳಕ್ಕೆ ನೀರು ಬಂದಿದೆ, ನಾಯಿ ಕಾಟ ಇದೆ, ಬಸ್ಸಿನ ಟೈಮು ಬದಲಾಗಿದೆ. ಕೆಲವನ್ನು ಪಂಚಾಯಿತಿ ಸದಸ್ಯರು ಒಂದು ದಿನದಲ್ಲಿ ಬಗೆಹರಿಸಬಲ್ಲರು.

ಬೆದರಿಕೆ ಮಾತ್ರ ಬೇಡ. ಹೆಸರು ತೆಗೆದುಹಾಕುತ್ತೇವೆ, ರೇಷನ್ ಕಾರ್ಡ್ ಬಂದ್ ಮಾಡಿಸುತ್ತೇವೆ ಎಂದು ಹೆದರಿಸುವುದು ಕೇಳಿದ್ದೇವೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಅಧಿಕಾರ ಯಾರಿಗೂ ಇಲ್ಲ. ಸುಳ್ಳು ಬೆದರಿಕೆ ಎಂದು ಊರಿಗೆ ಗೊತ್ತಾದ ದಿನ ಶಾಲೆಯ ನಿಜವಾದ ಮಾತಿಗೂ ಬೆಲೆ ಹೋಗುತ್ತದೆ.

ನಂಬರುಗಳು ಶಾಲೆಯಲ್ಲೇ ಉಳಿಯಬೇಕು

ಇಷ್ಟೆಲ್ಲ ಕಟ್ಟಿದ್ದು ಕುಸಿಯುವುದು ಸಾಮಾನ್ಯವಾಗಿ ವರ್ಗಾವಣೆಯಲ್ಲಿ. ಮೂರು ವರ್ಷ ಒಬ್ಬ ಶಿಕ್ಷಕಿ ಬೆಳೆಸಿದ ಸಂಬಂಧ ಅವರ ಸ್ವಂತ ಮೊಬೈಲಿನಲ್ಲಿರುತ್ತದೆ, ಕೌನ್ಸೆಲಿಂಗ್ ಆಗಿ ಅವರು ಬೇರೆ ತಾಲ್ಲೂಕಿಗೆ ಹೋದರೆ ಆ ನಂಬರುಗಳೂ ಅವರ ಜೊತೆಗೇ ಹೋಗುತ್ತವೆ. ಹೊಸಬರು ಜೂನ್‌ನಲ್ಲಿ ದಾಖಲಾತಿ ಪುಸ್ತಕದ ಹಳೇ ನಂಬರುಗಳಿಂದ ಮತ್ತೆ ಶುರು ಮಾಡುತ್ತಾರೆ. ಇದಕ್ಕೆ 200 ಪುಟದ ಒಂದು ನೋಟ್‌ಬುಕ್ ಸಾಕು, ಹಾಜರಿ ಪುಸ್ತಕದ ಜೊತೆಯಲ್ಲೇ ಬೀರುವಿನಲ್ಲಿ ಇಡುವಂಥದ್ದು. ಒಂದು ಮಗುವಿಗೆ ಒಂದು ಪುಟ. ಮೇಲೆ ಮೂರು ನಂಬರ್, ಫೋನ್ ಎತ್ತುವವರು ಯಾರು, ಯಾವ ಹೊತ್ತಿಗೆ ಎತ್ತುತ್ತಾರೆ. ಕೆಳಗೆ ತಾರೀಖು ಹಾಕಿ ಒಂದೊಂದು ಸಾಲು: ಏನು ಕೇಳಿದೆವು, ಏನು ಹೇಳಿದರು, ಏನು ಒಪ್ಪಿಕೊಂಡೆವು. ಮನೆಯ ಗುಟ್ಟುಗಳನ್ನು ಅದರಲ್ಲಿ ಬರೆಯಬಾರದು. ಗಂಡ ಕುಡಿಯುತ್ತಾನೆ ಎಂದು ತಾಯಿ ನಂಬಿ ಹೇಳಿದ್ದು ಯಾರ ಕೈಗೋ ಸಿಗಬಾರದು. ‘ಸಂಜೆ ಏಳರ ನಂತರ ಫೋನ್ ಬೇಡ’ ಎಂದು ಬರೆದರೆ ಸಾಕು.

ಹೋಗುವವರು ಹೋಗುವ ಮುನ್ನ ಹೆಚ್ಚು ಗೈರಾಗುವ ಏಳೆಂಟು ಮನೆಗಳಿಗೆ ಕೊನೆಯ ಫೋನ್ ಮಾಡಿ, ಇನ್ನು ಮುಂದೆ ಇಂಥ ನಂಬರಿನಿಂದ ಇಂಥವರು ಮಾತಾಡುತ್ತಾರೆ, ಅವರೂ ನಮ್ಮಂಥವರೇ ಎಂದು ತಿಳಿಸಿ, ಅಲ್ಲೇ ಹೊಸಬರ ಕೈಗೆ ಫೋನ್ ಕೊಟ್ಟು ಮಾತಾಡಿಸಬೇಕು. ಹೊಸಬರು ಇನ್ನೂ ಬಂದಿಲ್ಲದಿದ್ದರೆ ಮುಖ್ಯ ಶಿಕ್ಷಕರ ಕೈಗೆ. ಮೊದಲ ವಾರ ಹೊಸಬರಿಂದ ಹೋಗುವ ಫೋನಿನಲ್ಲಿ ಯಾವ ದಾಖಲೆಯನ್ನೂ ಕೇಳಬಾರದು.